ಹಿಮ್ಮಡಿಯ ಗುಳಿ

ಮಾರ್ಚ್ ೩, ಸೋಮವಾರ

ಪಾದಪೀಠವು ಇಂದು ಬೆಳಿಗ್ಗೆ ಹನ್ನೊಂದಕ್ಕೆ ತನ್ನ ಮನೆಗೆ ದಯಮಾಡಿಸಿತು. ಕಾಲ್ಮಣೆ ಎಂದರೂ ಸಾಕು. ಆದರೆ ಹದಿನೆಂಟು ದಿನ ನನ್ನ ಕೈಯಲ್ಲಿ ಸೇವೆ ಮಾಡಿಸಿಕೊಂಡ ವಸ್ತುವಿಗೆ ಒಂದು ಬಿರುದಾದರೂ ಇರಲಿ. ಎರಡು ಗೇಣು ಉದ್ದ, ಒಂದೂವರೆ ಗೇಣು ಅಗಲ, ಕಡೆದ ನಾಲ್ಕು ಗಿಡ್ಡ ಕಾಲು, ವಯಸ್ಸು ಎಂಬತ್ತರ ಮೇಲೆ. ಬಂದಾಗ ಮೇಲುಬಟ್ಟೆಯ ಬಣ್ಣ ಯಾವುದೆಂದು ಅದನ್ನೇ ಕೇಳಿ ತಿಳಿಯಬೇಕಾಗಿತ್ತು.

ಒಳಗೆ ಕುದುರೆ ಕೂದಲು. ಈಗಿನ ರಿಪೇರಿಯವರಾಗಿದ್ದರೆ ಅದನ್ನು ಕಸಕ್ಕೆ ಹಾಕಿ ಸ್ಪಂಜು ತುರುಕಿ ಕೈ ತೊಳೆದುಕೊಳ್ಳುತ್ತಿದ್ದರು. ಇಪ್ಪತ್ತಾರು ವರ್ಷದಿಂದ ಮನೆಯ ಮುಂಗೋಣೆಯಲ್ಲಿ ಹಳೇ ಕುರ್ಚಿ, ಸೋಫಾ, ಕಾಲ್ಮಣೆಗಳಿಗೆ ಜೀವದಾನ ಮಾಡುತ್ತಿರುವ ನಾನು ಅಂಥವಳಲ್ಲ. ಹಳೇ ಕೂದಲನ್ನೇ ತೆಗೆದು, ತೊಳೆದು, ನೆರಳಲ್ಲಿ ಒಣಗಿಸಿ, ಎಳೆಎಳೆಯಾಗಿ ಬಿಡಿಸಿ, ಅದನ್ನೇ ಮತ್ತೆ ತುಂಬಿದೆ. ಬೆರಳಲ್ಲಿ ಒತ್ತಿದರೆ ಹೊಸ ಮದುಮಗನ ಹಾಗೆ ಎದ್ದು ನಿಲ್ಲುತ್ತದೆ. ಮೇಲೆ ಬೂದು ಹಸಿರಿನ ಮಕಮಲ್ಲು.

ಒಯ್ಯಲು ಬಂದವಳು ಆ ಮನೆಯ ಸೊಸೆ. ಬೇರೆಯವರ ಮನೆಗಳನ್ನು ಅಲಂಕಾರ ಮಾಡಿಕೊಡುವುದು ಅವಳ ಉದ್ಯೋಗ. ಈಗ ಅವಳ ಸ್ವಂತ ಹಾಲಿನ ಫೋಟೋ ಯಾವುದೋ ಪತ್ರಿಕೆಗೆ ಬೇಕಂತೆ. "ಹಳೇದು ಹಳೇದಾಗೇ ಕಾಣ್ಬೇಕು ಅಕ್ಕಾ, ಆದ್ರೆ ಹಳೇದು ಅನ್ನಿಸ್ಬಾರ್ದು" ಎಂದಿದ್ದಳು. ನಮ್ಮ ಕಸುಬಿನ ಸಾರವನ್ನೆಲ್ಲ ಯಾರಾದರೂ ಒಂದೇ ವಾಕ್ಯದಲ್ಲಿ ಹೇಳಿದ್ದು ಇದೇ ಮೊದಲು. ಒತ್ತಿ ನೋಡಿ, "ಅಯ್ಯೋ, ಹೊಸದ್ರ ಹಾಗಿದೆ" ಎಂದು ಸಂತೋಷಪಟ್ಟಳು.

ನಮ್ಮನೆಯವರೂ ಎದ್ದು ಬಂದು ನೋಡಿದರು. ಮೂವತ್ತನಾಲ್ಕು ವರ್ಷ ಮನೆಮನೆ ತಿರುಗಿ ಕರೆಂಟ್ ಮೀಟರ್ ಓದಿ ನಿವೃತ್ತರಾದವರು. ಈಗ ಓದಲು ಮೀಟರಿಲ್ಲದೆ ನನ್ನನ್ನು ಓದುತ್ತಾರೆ. "ಇಷ್ಟಕ್ಕೆ ಹದಿನೆಂಟು ದಿನವಾ?" ಎಂದು ರೀಡಿಂಗ್ ತೆಗೆದುಕೊಂಡು ಹೋದರು. ಒಂದು ಚಪ್ಪಲಿ ಇಲ್ಲೇ ಬಿದ್ದಿತ್ತು. ಅಡುಗೆಮನೆವರೆಗೂ ಒಂಟಿ ಚಪ್ಪಲಿಯಲ್ಲಿ ನಡೆದಿದ್ದರು. "ರೀ, ಬಲಗಾಲಿಂದು ಇಲ್ಲೇ ಇದೆ" ಎಂದು ಕೂಗಿದರೆ ಕೆಳಗೆ ನೋಡಿ, "ಹೌದಲ್ಲ" ಎಂದರು. ರಿಟೈರಾದ ಗಂಡಸು ತಾನು ಚಪ್ಪಲಿ ಹಾಕಿದ್ದೀನೋ ಇಲ್ಲವೋ ಎಂಬುದನ್ನೂ ಹೆಂಡತಿಯ ಇಲಾಖೆಗೆ ವಹಿಸಿಬಿಡುತ್ತಾನೆ.

ಮಾರ್ಚ್ ೬, ಗುರುವಾರ

ಮಧ್ಯಾಹ್ನ ಸೊಸೆಯ ಫೋನು. ಧ್ವನಿ ಅಲಂಕಾರವಿಲ್ಲದೆ ಬಂತು. "ಅಕ್ಕಾ, ಅತ್ತೆ ಸೋಮವಾರದಿಂದ ಊಟ ಬಿಟ್ಟಿದ್ದಾರೆ. ಆ ಕಾಲ್ಮಣೆಗೆ ಏನ್ ಮಾಡಿದ್ರಿ?"

ಏನು ಮಾಡಿದೆ? ಇಪ್ಪತ್ತಾರು ವರ್ಷದಲ್ಲೇ ಅತ್ಯುತ್ತಮ ಕೆಲಸ ಮಾಡಿದೆ. ಅದನ್ನೇ ಹೇಳಲು ಹೋದೆ.

ಹಾಲು ಪತ್ರಿಕೆಗೆ ಸಿದ್ಧವಾಗಿ ನಿಂತಿತ್ತು. ಯಾರೂ ಕೂರದ ಕುರ್ಚಿ, ಯಾರೂ ಓದದ ಪುಸ್ತಕ, ಮಧ್ಯೆ ನನ್ನ ಪಾದಪೀಠ. ಹಿರಿಯಮ್ಮ ಒಳಕೋಣೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಎಂಬತ್ತೆರಡು ವರ್ಷ. ಬುದ್ಧಿ ಚುರುಕಾಗಿಯೇ ಇದೆ. ನನ್ನನ್ನು ಕಂಡು ಎದ್ದು ಕೂತು, ಕೆದರಿದ ಕೂದಲು ಸರಿಮಾಡಿಕೊಂಡು, "ಚೆನ್ನಾಗಿ ಮಾಡಿದ್ದೀಯಮ್ಮ" ಎಂದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ನಿಧಾನವಾಗಿ ಹೇಳಿದರು. ಅವರ ಯಜಮಾನರು ದಿನವೂ ಆ ಕಾಲ್ಮಣೆಯ ಮೇಲೆ ಕಾಲು ಚಾಚಿ ಕೂರುತ್ತಿದ್ದರು. ಅವರು ತೀರಿಕೊಂಡ ಮೇಲೂ ಅದರಲ್ಲಿ ಎರಡು ಹಿಮ್ಮಡಿಯ ಗುಳಿ ಹಾಗೇ ಉಳಿದಿತ್ತು. ಒಂಬತ್ತು ವರ್ಷದಿಂದ ಸಂಜೆ ಐದಕ್ಕೆ ಎದುರು ಕೂತು ಆ ಗುಳಿಗಳಲ್ಲಿ ಎರಡೂ ಅಂಗೈ ಇಡುತ್ತಿದ್ದರು. ಅಷ್ಟೇ. ಆಮೇಲೆ ಎದ್ದು ಕಾಫಿ ಕುಡಿಯುತ್ತಿದ್ದರು.

"ಫೋಟೋ ಇದೆಯಲ್ಲಮ್ಮಾ ಗೋಡೆ ಮೇಲೆ" ಎಂದೆ. ದಡ್ಡಿ ನಾನು.

"ಫೋಟೋದಲ್ಲಿ ತೂಕ ಇರಲ್ಲ" ಎಂದರು.

ಬಾಗಿಲಲ್ಲಿ ನಿಂತಿದ್ದ ಸೊಸೆ ಅಳುತ್ತಿದ್ದಳು. "ನಂಗೆ ಗೊತ್ತಿರ್ಲಿಲ್ಲ ಅತ್ತೆ. ನೀವು ಒಂದ್ ಮಾತು ಹೇಳ್ಬಾರ್ದಿತ್ತಾ?"

"ಏನಂತ ಹೇಳ್ಲಿ? ದಿಂಬಿನಲ್ಲಿ ಗುಂಡಿ ಇದೆ, ಮುಟ್ಟಬೇಡ ಅಂತ್ಲಾ? ನೀವೆಲ್ಲ ನನ್ನನ್ನ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತಿದ್ರಿ."

ಹಳೇ ಕೂದಲನ್ನೇ ತುಂಬಿದ್ದೇನೆ ಎಂಬ ನನ್ನ ಹೆಮ್ಮೆ ನೆನಪಾಗಿ ಮೈ ಬಿಸಿಯಾಯಿತು. ಎಳೆಎಳೆಯಾಗಿ ಬಿಡಿಸಿದ್ದೆನಲ್ಲ. ಆ ಮನುಷ್ಯನನ್ನು ನಾನೇ ಎಳೆಎಳೆಯಾಗಿ ಬಿಡಿಸಿ ನೆರಳಲ್ಲಿ ಒಣಗಿಸಿದ್ದೆ. "ಗುಳಿ ಮತ್ತೆ ತರ್ತೀನಿ, ನೀವು ಊಟ ಮಾಡಿ" ಎಂದುಬಿಟ್ಟೆ. ಅವರು ಮತ್ತೆ ಗೋಡೆಗೆ ತಿರುಗಿದರು. ಪಾದಪೀಠವನ್ನು ಕಂಕುಳಲ್ಲಿ ಇಟ್ಟುಕೊಂಡು ಕಳ್ಳಿಯ ಹಾಗೆ ಮನೆಗೆ ಬಂದೆ.

ಮಾರ್ಚ್ ೮, ಶನಿವಾರ

ದೇವರ ದಯೆಯಿಂದ ಎರಡು ಸಾಕ್ಷಿಗಳು ಉಳಿದಿವೆ. ಕೆಲಸಕ್ಕೆ ಮುಂಚೆ ತೆಗೆದ ಫೋಟೋ ಒಂದು, ಹಳೇ ಮೇಲುಬಟ್ಟೆ ಇನ್ನೊಂದು. ಬಟ್ಟೆ ಎಲ್ಲೆಲ್ಲಿ ದಾರ ಕಾಣುವಷ್ಟು ಸವೆದಿದೆಯೋ ಅಲ್ಲೆಲ್ಲ ಹಿಮ್ಮಡಿ ಇತ್ತೆಂದು ಲೆಕ್ಕ. ಎಡದ್ದು ನಿಂಬೆಹಣ್ಣಿನಗಲ, ಬಲದ್ದು ಅದಕ್ಕಿಂತ ಒಂದು ಸುತ್ತು ದೊಡ್ಡದು.

ಮೊದಲು ಇಟ್ಟಿಗೆ ಇಟ್ಟೆ. ಇಟ್ಟಿಗೆಯ ಗುಳಿಯೇ ಬಿತ್ತು. ಇಸ್ತ್ರಿಪೆಟ್ಟಿಗೆ ಇಟ್ಟೆ, ದೋಣಿಯ ಹಾಗಾಯಿತು. ಎರಡು ಉಪ್ಪಿನ ಪೊಟ್ಟಣ ಕಟ್ಟಿ ಇಟ್ಟೆ, ಅದರ ಫಲಿತಾಂಶವನ್ನು ಮರ್ಯಾದಸ್ಥರು ದಿನಚರಿಯಲ್ಲಿ ಬರೆಯುವುದಿಲ್ಲ. ಕೊನೆಗೆ ನಾನೇ ಕಾಲು ಚಾಚಿದೆ. ಹತ್ತು ನಿಮಿಷಕ್ಕೆ ಜೋಮು ಹಿಡಿದು ಗೋಡೆ ಹಿಡಿದುಕೊಂಡು ಕುಣಿದೆ. ನನ್ನ ಹಿಮ್ಮಡಿಯೂ ಚಿಕ್ಕದು.

ಗಂಡಸಿನ ಹಿಮ್ಮಡಿ ಬೇಕು. ಕೆಲಸವಿಲ್ಲದೆ ಕೂತಿರುವುದು ಬೇಕು. ಮನೆಯಲ್ಲಿ ಅಂಥದೊಂದು ಜೊತೆ ಇದೆ.

"ರೀ, ನಿಮ್ಮ ಕಾಲು ಬೇಕಿತ್ತು."

ಪೇಪರಿನ ಹಿಂದಿನಿಂದ, "ಯಾವುದು?"

"ಎರಡೂ."

"ವಾಪಸ್ ಕೊಡ್ತೀಯಾ?"

"ಕೆಲಸ ಮುಗಿದ ಮೇಲೆ."

"ಪೇಪರ್ ಓದಬಹುದಾ?"

"ಓದಿ. ಅಲ್ಲಾಡಬೇಡಿ ಅಷ್ಟೇ."

"ಲೇ, ಮದುವೆಯಾಗಿ ಮೂವತ್ತೊಂದು ವರ್ಷದಲ್ಲಿ ನೀನು ಕೊಟ್ಟ ಮೊದಲ್ನೇ ಸುಲಭದ ಕೆಲಸ ಇದು" ಎಂದರು.

ಮಾರ್ಚ್ ೯, ಭಾನುವಾರ

ಇವರು ಈ ಕೆಲಸಕ್ಕೆಂದೇ ಹುಟ್ಟಿದವರು. ಬೆಳಿಗ್ಗೆ ಮೂರು ಗಂಟೆ, ಊಟದ ನಂತರ ಮೂರು ಗಂಟೆ. ಒಮ್ಮೆಯೂ ಕಾಲು ಬದಲಿಸಲಿಲ್ಲ, ಜೋಮು ಎನ್ನಲಿಲ್ಲ, ಹೆಬ್ಬೆರಳು ಕೂಡ ಅಲ್ಲಾಡಿಸಲಿಲ್ಲ. ನಾನು ಮೆಚ್ಚಿ ಎರಡು ಸಲ ಚಹಾ ಕೊಟ್ಟೆ.

ಪಕ್ಕದಲ್ಲಿ ಕೂತು ಬೇರೊಂದು ಕುರ್ಚಿಗೆ ಪಟ್ಟಿ ಬಿಗಿಯುತ್ತಿದ್ದೆ. ಇವರು ಮಾತಾಡಿದರು. ಮೀಟರ್ ಓದಲು ಹೋದ ಮನೆಗಳ ಮಾತು. ಮೀಟರಿನ ಮೇಲೆ ಹೆಂಡತಿಗೆ ಕಾಣದಂತೆ ಸಿಗರೇಟು ಬಚ್ಚಿಡುತ್ತಿದ್ದ ಜಡ್ಜು. ಮೂವತ್ತನಾಲ್ಕು ವರ್ಷವೂ ಇವರನ್ನು ಹೊಸಬನೆಂದೇ ತಿಳಿದು ಬೊಗಳಿದ ನಾಯಿಗಳ ಮೂರು ತಲೆಮಾರು. ಇದನ್ನೆಲ್ಲ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ನೀನು ಯಾವಾಗ್ಲೂ ಬಾಯಲ್ಲಿ ಮೊಳೆ ಇಟ್ಕೊಂಡಿರ್ತೀಯ, ಹೂಂ ಅನ್ನೋಕೂ ಆಗಲ್ಲ" ಎಂದರು. ನಿಜ. ಮೊಳೆಗಳನ್ನು ಉಗಿದು ಡಬ್ಬಿಗೆ ಹಾಕಿದೆ.

ಸಂಜೆ ನೋಡಿದರೆ ಗುಳಿ ಬಿದ್ದಿದೆ. ಸಣ್ಣದು. ಆದರೂ ಗುಳಿ.

ಮಾರ್ಚ್ ೧೧, ಮಂಗಳವಾರ

ಬೆಳಗಾಗುವಷ್ಟರಲ್ಲಿ ಕೂದಲು ಎದ್ದು ನಿಲ್ಲುತ್ತದೆ. ನಿನ್ನೆಯೂ ಹಾಗೇ, ಇವತ್ತೂ ಹಾಗೇ. ಇಷ್ಟು ಸ್ವಾಭಿಮಾನ ಕುದುರೆಗೇ ಇತ್ತೋ ಇಲ್ಲವೋ.

ಸೊಸೆ ಫೋನಿನಲ್ಲಿ: "ನಿನ್ನೆ ಅರ್ಧ ಲೋಟ ಹಾಲು. ಇವತ್ತು ಅದೂ ಇಲ್ಲ. ಅಕ್ಕಾ, ನೀವು ಮಾಡ್ತೀರಾ ಇಲ್ವಾ ಹೇಳಿ, ಇಲ್ಲಾಂದ್ರೆ ನಮ್ಮನೆಯವರು ಆಸ್ಪತ್ರೆಗೆ ಸೇರಿಸ್ತಾರಂತೆ."

"ಮಾಡ್ತೀನಿ" ಎಂದೆ. ಹೇಗೆ ಎಂದು ಅವಳು ಕೇಳದಿದ್ದುದು ಪುಣ್ಯ. ಫೋನಿಟ್ಟು ಮುಂಗೋಣೆಯ ಬಾಗಿಲು ಹಾಕಿ, ನೆಲದ ಮೇಲೆ ಕೂತು ಸ್ವಲ್ಪ ಹೊತ್ತು ಅತ್ತೆ. ಕಾಲ್ಮಣೆಗಾಗಿ ಅಳುವವರ ಪಟ್ಟಿಗೆ ನಾನೂ ಸೇರಿದೆ.

ಮಾರ್ಚ್ ೧೨, ಬುಧವಾರ

ಬುದ್ಧಿಗೇಡಿ ನಾನು. ಕೂದಲು ಮಾತು ಕೇಳಬೇಕಾದರೆ ಬಿಸಿ ತೇವ ಬೇಕು ಎಂಬುದು ತಲೆ ಕೂದಲಿಗೆ ಸುರುಳಿ ಹಾಕುವವರಿಗೂ ಗೊತ್ತು. ದಪ್ಪ ಬಟ್ಟೆಯನ್ನು ಕುದಿಯುವ ನೀರಿನಲ್ಲಿ ಅದ್ದಿ, ಇಕ್ಕಳದಲ್ಲಿ ಎತ್ತಿ ಹಿಂಡಿ, ಪೀಠದ ಮೇಲೆ ಹಾಸಿ, ಮೇಲೆ ಇವರ ಕಾಲು ಇಡಿಸಿದೆ. ಕೈಯಲ್ಲಿ ಹಿಡಿಯಲು ಹೋಗಿ ನನ್ನ ಎರಡು ಬೆರಳು ಕೆಂಪಾದವು.

"ಜಾಸ್ತಿ ಬಿಸಿ ಆದ್ರೆ ಹೇಳಿ" ಎಂದೆ.

"ಬಿಸಿನಾ? ಏನೇ, ನಲ್ಲಿ ನೀರಲ್ಲಿ ಅದ್ದಿ ತಂದ್ಯಾ?"

ಇವರದು ಇದೇ. ಚಹಾ ಕೊಟ್ಟರೆ ಆರಿದೆ, ಸಾರು ಬಡಿಸಿದರೆ ಆರಿದೆ. ಹಟಕ್ಕೆ ಬಿದ್ದು ಇನ್ನೂ ಬಿಸಿ ತಂದೆ. ಒಟ್ಟು ಐದು ಸಲ. ಇವರು ಪೇಪರಿನ ಕ್ರೀಡಾಪುಟ ಮುಗಿಸಿ ಸಂಪಾದಕೀಯಕ್ಕೆ ಬಂದರು. ತೇವ ಆರುವವರೆಗೂ ಅಲ್ಲಾಡಲಿಲ್ಲ.

ಸಂಜೆ ನೋಡಿದೆ. ಗುಳಿ ನಿಂತಿದೆ. ಎರಡೂ. ನಾನು ಇವರ ಭುಜ ಹಿಡಿದು ಅಲ್ಲಾಡಿಸಿಬಿಟ್ಟೆ. "ಲೇ, ಕನ್ನಡಕ ಬೀಳತ್ತೆ" ಎಂದರು. ನಗುತ್ತಿದ್ದರು.

ಮಾರ್ಚ್ ೧೩, ಗುರುವಾರ

ಗುಳಿ ಬೆಳಿಗ್ಗೆಯೂ ಇತ್ತು. ಇನ್ನೂ ಆಳ ಬೇಕು. ಮತ್ತೆ ಬಿಸಿ ಬಟ್ಟೆ, ನಾಲ್ಕು ಸಲ.

ಇವರ ಬಲಗಾಲಿನ ಕಾಲುಚೀಲಕ್ಕೆ ಒದ್ದೆ ಕಲೆ. ಏನೆಂದು ಕೇಳಿದರೆ, "ಚಪ್ಪಲಿ ಕಚ್ಚಿ ಗುಳ್ಳೆ ಆಗಿದೆ, ನಾನೇ ಬಟ್ಟೆ ಕಟ್ಕೊಂಡಿದ್ದೀನಿ" ಎಂದರು.

"ನೋವಾ?"

"ಇಲ್ಲ."

"ಗುಳ್ಳೆ ಅಂದ್ರೆ ನೋವಿರತ್ತೆ ರೀ."

"ನಿಂಗಿರತ್ತೆ. ನಾನು ದಿನಕ್ಕೆ ಹನ್ನೆರಡು ಮೈಲಿ ನಡೆದವನು, ನನ್ನ ಕಾಲು ಬೇರೆ."

ಗಂಡಸರ ಶೌರ್ಯಕ್ಕೆ ಔಷಧವಿಲ್ಲ. ಬಿಟ್ಟೆ.

ಮಾರ್ಚ್ ೧೪, ಶುಕ್ರವಾರ

ಹಿರಿಯಮ್ಮನಿಗೆ ಮನೆಯಲ್ಲೇ ಗ್ಲೂಕೋಸ್ ಏರಿಸಿದ್ದಾರೆ. ಡಾಕ್ಟರು ದೇಹಕ್ಕೇನೂ ಕಾಯಿಲೆಯಿಲ್ಲ ಎಂದರಂತೆ. ಸೊಸೆ ಪತ್ರಿಕೆಯವರಿಗೆ ಬರಬೇಡಿ ಎಂದಳಂತೆ. ಇನ್ನು ಮೂರು ದಿನ ಎಂದು ಹೇಳಿದ್ದೇನೆ. ಅವರಿಗೆ ಮೂರು ದಿನ ಇದೆಯೋ ಇಲ್ಲವೋ.

ಮಾರ್ಚ್ ೧೬, ಭಾನುವಾರ

ಮುಗಿಯಿತು. ಮಕಮಲ್ಲು ಕಿತ್ತು ಹಳೇ ಬಟ್ಟೆಯನ್ನೇ ಹಿಂದಿನಿಂದ ಒತ್ತುಬಟ್ಟೆ ಕೊಟ್ಟು ಹೊಲಿದೆ. ಸವೆದ ಜಾಗ ಸರಿಯಾಗಿ ಗುಳಿಯ ಮೇಲೆ ಬಂದಿದೆ. ಫೋಟೋದ ಪಕ್ಕ ಇಟ್ಟರೆ ಅದು ಯಾವುದು ಇದು ಯಾವುದು ನನಗೇ ತಿಳಿಯದು. ಹೊಸದರಂತೆ ಮಾಡಿ ತಪ್ಪು ಮಾಡಿದ್ದೆ, ಈಗ ಸುಳ್ಳು ಹಳೇದು ಮಾಡಿ ಪ್ರಾಯಶ್ಚಿತ್ತ ಮಾಡಿಕೊಂಡೆ.

ಮುಂಗೋಣೆಯಲ್ಲಿ ಎರಡು ದಿನದಿಂದ ಏನೋ ಕೊಳೆತ ವಾಸನೆ. ಮೂಳೆ ಕುದಿಸಿ ಮಾಡುವ ಹಳೇ ಅಂಟು ಸೆಖೆಗೆ ಕೆಟ್ಟರೆ ಹೀಗೇ ನಾರುತ್ತದೆ. ಅಂಟಿನ ಡಬ್ಬಿಯನ್ನೇ ಎಸೆದೆ. ಆದರೂ ಹೋಗಿಲ್ಲ. ನಾಳೆ ನೆಲ ತೊಳೆಯಬೇಕು.

ಇವರಿಗೆ ಸ್ವಲ್ಪ ಚಳಿ ಜ್ವರ. ಆರು ದಿನ ಅಲ್ಲಾಡದೆ ಕೂತರೆ ಯಾರಿಗೂ ಬರುತ್ತದೆ. ಸಾರು ಬಿಸಿ ಮಾಡಿ ಕೊಟ್ಟೆ, ಆರಿದೆ ಎನ್ನಲಿಲ್ಲ.

ಮಾರ್ಚ್ ೧೭, ಸೋಮವಾರ

ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಬೆಳಿಗ್ಗೆ ಹತ್ತಕ್ಕೆ ಒಯ್ದೆ. ಹಿರಿಯಮ್ಮನನ್ನು ಮಗ, ಸೊಸೆ ಇಬ್ಬರೂ ಹಿಡಿದು ಕೂರಿಸಿದರು. ನಾನು ಕಾಲ್ಮಣೆಯನ್ನು ಅವರ ಮುಂದಿಟ್ಟೆ. ಬಟ್ಟೆ ನೋಡಿ ಅವರ ಮುಖ ಅರಳಿತು. ಎರಡೂ ಅಂಗೈ ಗುಳಿಯಲ್ಲಿಟ್ಟರು. ಕಣ್ಣು ಮುಚ್ಚಿದರು. ಬಹಳ ಹೊತ್ತು.

"ಯಾರಿವರು?" ಎಂದರು.

ನನಗೆ ಸುಳ್ಳು ಬಾಯಿಗೆ ಬರಲಿಲ್ಲ. "ನಮ್ಮನೆಯವರು ಅಮ್ಮಾ. ಕ್ಷಮಿಸಿ."

"ದಿನಕ್ಕೆ ಎಷ್ಟು ಹೊತ್ತು ಕೂತಿದ್ರು?"

"ಆರು ಗಂಟೆ. ಒಂದ್ ಸಲನೂ ಅಲ್ಲಾಡಲಿಲ್ಲ, ಪಾಪ. ಕಾಲು ಇಟ್ಟ ಹಾಗೇ ಇಟ್ಕೊಂಡು ಕೂತಿದ್ರು." ಹೆಮ್ಮೆಯಿಂದಲೇ ಹೇಳಿದೆ.

ಅವರು ಕೈ ತೆಗೆದರು. ಗ್ಲೂಕೋಸ್ ಚುಚ್ಚಿದ ಆ ಕೈಯಲ್ಲೇ ನನ್ನ ಮಣಿಕಟ್ಟು ಹಿಡಿದರು. ಅಷ್ಟು ಬಲ ಎಲ್ಲಿತ್ತೋ.

"ಕೇಳಿಲ್ಲಿ. ನಮ್ಮವರು ಇದರ ಮೇಲೆ ಮೂವತ್ತು ವರ್ಷ ಕಾಲಿಟ್ರು. ಗುಳಿ ಬಿದ್ದಿರ್ಲಿಲ್ಲ. ಸರಿಯಾಗಿರೋ ಕಾಲು ಒಂದ್ ಕಡೆ ನಿಲ್ಲಲ್ಲಮ್ಮ, ಆ ಕಡೆ ಈ ಕಡೆ ಅಂತಿರತ್ತೆ. ಗುಳಿ ಬಿದ್ದಿದ್ದು ಕೊನೇ ಒಂದು ವರ್ಷದಲ್ಲಿ. ಎಷ್ಟು ನೆಮ್ಮದಿಯಾಗಿ ಕೂತಿದಾರಲ್ಲ ಅಂತ ನಾನು ಖುಷಿಪಟ್ಟೆ. ಅವರ ಕಾಲಿಗೆ ಏನೂ ತಿಳೀತಿರ್ಲಿಲ್ಲ. ಸಕ್ಕರೆ ಕಾಯಿಲೆ. ಬಲಗಾಲು ಕೊಳೆತ ಮೇಲೆ ಗೊತ್ತಾಯ್ತು. ಕಾಲು ತೆಗೆದ್ರು. ಮೂರು ತಿಂಗಳಿಗೆ ಅವರೂ ಹೋದ್ರು."

ಅವರು ಗುಳಿ ನೋಡಿ, "ಇದನ್ನೇ ನಾನು ಒಂಬತ್ತು ವರ್ಷ ಮುದ್ದು ಮಾಡ್ದೆ" ಎಂದರು. ಆಮೇಲೆ ನನ್ನ ಕೈ ಬಿಟ್ಟು, "ಇನ್ನೂ ಯಾಕೆ ನಿಂತಿದ್ದೀಯ? ಮನೆಗೆ ಓಡು" ಎಂದರು.

ಓಡಿದೆ. ನನ್ನ ಬೆರಳು ಕೆಂಪಾಗಿಸಿದ ಬಟ್ಟೆಯನ್ನು ಒಂಬತ್ತು ಸಲ ಹಾಸಿದ್ದೆ. ಒಂಬತ್ತು ಸಲ.

ಇವರು ಹೊದ್ದು ಮಲಗಿದ್ದರು. ಕಾಲುಚೀಲ ತೆಗೆದೆ. ಕಟ್ಟಿದ ಬಟ್ಟೆ ಬಿಚ್ಚಿದೆ. ಅಂಟಿನ ಡಬ್ಬಿಯದ್ದಲ್ಲ ಆ ವಾಸನೆ.

ಇವರು ತಲೆ ಎತ್ತಿ, "ಏನಾಯ್ತೇ, ಆ ಅಮ್ಮ ಊಟ ಮಾಡಿದ್ರಾ?" ಎಂದರು.

ಮಾರ್ಚ್ ೧೮, ಮಂಗಳವಾರ

ಆಸ್ಪತ್ರೆ. ಸಕ್ಕರೆ ಎಷ್ಟಿದೆಯೆಂದರೆ ನರ್ಸ್ ಎರಡು ಸಲ ನೋಡಿದಳು. ಎಷ್ಟು ವರ್ಷದಿಂದ ಎಂದು ಡಾಕ್ಟರು ಕೇಳಿದರು. ನನಗೇನು ಗೊತ್ತು. ಇಪ್ಪತ್ತಾರು ವರ್ಷ ಕಂಡವರ ಮನೆಯ ಮರದ ಕಾಲುಗಳನ್ನು ಬೆರಳಲ್ಲಿ ಸವರಿ ಎಲ್ಲಿ ಹುಳ ಹಿಡಿದಿದೆ ಎಂದು ಹೇಳಿದವಳು ನಾನು.

ಇವರಿಗೆ ಕಣ್ಣು ಮುಚ್ಚಲು ಹೇಳಿದರು. ಗಾಳದ ದಾರದಂಥ ಗಟ್ಟಿ ಎಳೆಯೊಂದರ ತುದಿಯಿಂದ ಅಂಗಾಲು ಮುಟ್ಟುತ್ತಾರೆ. ತಿಳಿದಾಗ ಹೂಂ ಎನ್ನಬೇಕು. ಡಾಕ್ಟರು ಬಲಗಾಲಿನ ಹೆಬ್ಬೆರಳು ಮುಟ್ಟಿದರು. ಅದರ ಬುಡ ಮುಟ್ಟಿದರು. ನಡು ಅಂಗಾಲು, ಅಂಚು, ಹಿಮ್ಮಡಿಯ ಪಕ್ಕ. ಪ್ರತಿ ಸಲವೂ ಎಳೆ ಬಾಗುವಷ್ಟು ಒತ್ತಿದರು. ನಾನು ನನ್ನ ಬಾಯಲ್ಲೇ ಹೂಂ ಎಂದುಕೊಳ್ಳುತ್ತಿದ್ದೆ.

ಇವರು ಕಣ್ಣು ಮುಚ್ಚಿಕೊಂಡೇ, "ನಾನು ರೆಡಿ ಡಾಕ್ಟ್ರೇ, ಶುರು ಮಾಡಿ" ಎಂದರು.

ಎಡಗಾಲಿನಲ್ಲಿ ನಾಲ್ಕು ಕಡೆ ಹೂಂ ಎಂದರು.

ಮಾರ್ಚ್ ೧೯, ಬುಧವಾರ

ಹಿಮ್ಮಡಿಯ ಕೆಟ್ಟ ಮಾಂಸ ತೆಗೆದರು. ಬಿಸಿ ಬಟ್ಟೆಯ ವಿಷಯ ಡಾಕ್ಟರಿಗೆ ಹೇಳಿದೆ. ಇವರಿಗೂ ಹೇಳಿದೆ.

"ನಾನೇ ಅಲ್ವೇನೇ ಇನ್ನೂ ಬಿಸಿ ತಾ ಅಂದಿದ್ದು" ಎಂದರು.

ಮಾರ್ಚ್ ೨೧, ಶುಕ್ರವಾರ

ಜ್ವರ ಇಳಿದಿಲ್ಲ.

ಮಾರ್ಚ್ ೨೩, ಭಾನುವಾರ

ಹಿರಿಯಮ್ಮ ಬಂದಿದ್ದರು. ಸೊಸೆಯ ಕೈ ಹಿಡಿದು, ವಾರ್ಡಿನ ಉದ್ದಕ್ಕೂ ನಿಂತು ನಿಂತು. ಅವತ್ತು ನಾನು ಓಡಿದ ಮೇಲೆ ಅವರು, "ಊಟ ಬಡಿಸು, ಆಸ್ಪತ್ರೆಗೆ ಹೋಗೋದಿರತ್ತೆ, ದಾರೀಲಿ ತಲೆ ತಿರುಗಿದ್ರೆ ನಿಮಗೇ ಕಷ್ಟ" ಎಂದರಂತೆ. ಅಂದಿನಿಂದ ಎರಡು ಹೊತ್ತೂ ಊಟ ಮಾಡುತ್ತಿದ್ದಾರಂತೆ. ನಾನು ಇಷ್ಟೆಲ್ಲ ಪಾಡುಪಟ್ಟದ್ದು ಇದಕ್ಕೇ ತಾನೆ. ಸಂತೋಷ ಬರಲಿ ಎಂದು ಕಾದೆ. ಬರಲಿಲ್ಲ.

ಇವರನ್ನು ನೋಡಿ ಹಿರಿಯಮ್ಮ, "ನೀವೇನಾ ನಮ್ಮ ಕಾಲ್ಮಣೆ ಮೇಲೆ ಕೇಳದೆ ಕೂತವರು?" ಎಂದರು.

"ಕೂತಿದ್ದು ಕುರ್ಚಿ ಮೇಲೆ ಅಮ್ಮಾ, ಕಾಲು ಮಾತ್ರ ನಿಮ್ಮ ಹತ್ರ ಇತ್ತು."

"ಎಡಗಾಲು ಅಲ್ಲಾಡಿಸಿ."

ಇವರು ಅಲ್ಲಾಡಿಸಿದರು. ಐದು ನಿಮಿಷ ಬಿಟ್ಟು, "ಅಲ್ಲಾಡಿಸಿ" ಎಂದು ಮತ್ತೆ ಅಂದರು. ಹೋಗುವವರೆಗೂ ಹೀಗೇ. ಹೊರಗೆ ಬಂದಾಗ ನನಗೆ ಹೇಳಿದರು: "ದಿನಾ ಅಂಗಾಲು ನೋಡು. ಮುಖ ನೋಡ್ಬೇಡ. ಮುಖ ಚೆನ್ನಾಗೇ ಇರತ್ತೆ."

ಮಾರ್ಚ್ ೨೫, ಮಂಗಳವಾರ

ಗುರುವಾರ ನೋಡಿ ಹೇಳುತ್ತಾರಂತೆ. ಹಿಮ್ಮಡಿ ಮಾತ್ರವೋ, ಪಾದವೋ, ಮೊಣಕಾಲವರೆಗೋ. ಡಾಕ್ಟರು ಕೈಯಲ್ಲಿ ಅಳತೆ ತೋರಿಸಿದರು. ನಾನು ಬಟ್ಟೆ ಕತ್ತರಿಸುವಾಗ ಗಿರಾಕಿಗಳಿಗೆ ತೋರಿಸುವ ಹಾಗೆಯೇ.

ಮಧ್ಯಾಹ್ನ ವಾರ್ಡಿನಲ್ಲಿ ಯಾರೂ ಇರಲಿಲ್ಲ. ಇವರು ಕಿಟಕಿ ಕಡೆ ಮುಖ ಮಾಡಿ ಮಲಗಿದ್ದರು. ಮಂಚದ ಕೊನೆಗೆ ಸ್ಟೂಲು ಎಳೆದು ಕೂತು, ಬಲಗಾಲಿನ ಬ್ಯಾಂಡೇಜಿನಿಂದ ಹೊರಗಿದ್ದ ಐದು ಬೆರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಬೆರಳು ಬೆಚ್ಚಗಿದ್ದವು. ನಿಧಾನಕ್ಕೆ ಒತ್ತಿದೆ, ಸ್ವಲ್ಪ ಜೋರಾಗಿ ಒತ್ತಿದೆ, ಒಂದೊಂದಾಗಿ ಸವರಿದೆ. ಅರ್ಧ ಗಂಟೆಯಾದರೂ ಹಾಗೆ ಕೂತಿದ್ದಿರಬೇಕು.

ಇವರು ಕಿಟಕಿಯಿಂದ ಕಣ್ಣು ತೆಗೆಯದೆ, "ಇದೀಯೇನೇ?" ಎಂದರು.

"ಇದೀನಿ ರೀ."

"ಅಷ್ಟು ದೂರ ಯಾಕೆ ಕೂತಿದ್ದೀಯ? ಹತ್ರ ಬಾ" ಎಂದರು.